ಮೊದಲು ಪೆಟ್ಟಿಗೆ, ಆಮೇಲೆ ಶ್ರುತಿ

(ಒಡೆಯರಪಾಳ್ಯದ ಒಂದು ಮನೆ, ಹಿಂದಿನ ಕೋಣೆ. ಚಿಕ್ಕಪ್ಪ ಹನೂರಿನಲ್ಲಿ ಬಹಳ ಕಾಲ ರೇಡಿಯೋ, ಮೈಕ್ ಸೆಟ್ ರಿಪೇರಿ ಅಂಗಡಿ ನಡೆಸಿದವರು. ಹುಡುಗಿ ಅವರ ಅಣ್ಣನ ಮಗಳು; ಬೆಂಗಳೂರಿನ ಕಂಪ್ಯೂಟರ್ ಕೆಲಸವನ್ನು ಊರಲ್ಲೇ ಕೂತು ಮಾಡುತ್ತಾಳೆ. ಮಾತುಗಳನ್ನಷ್ಟೇ ಇಲ್ಲಿಟ್ಟಿದ್ದೇನೆ, ಸೋಲ್ಡ್ರಿಂಗ್ ಹೊಗೆಗೆ ಇಬ್ಬರೂ ಕೆಮ್ಮಿದ್ದನ್ನು ಬಿಟ್ಟಿದ್ದೇನೆ.)

ಚಿಕ್ಕಪ್ಪ: ಇದೇನ್ ಮಗ, ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ತಂದು ಇಲ್ಲಿ ನಿಲ್ಸಿದ್ದೀಯ? ಹಾರ್ಮೋನಿಯಂ ಮನೆ ಇಲ್ಲ, ವೀಣೆ ತಂತಿ ಇಲ್ಲ. ಬರೀ ತಿರುಪು, ತೂತು, ವೈರು. ಇದ್ನ ಬಾರ್ಸೋದು ಎಲ್ಲಿಂದ?

ಹುಡುಗಿ: ಎಕ್ಸ್‌ಚೇಂಜ್ ಅಂದಿದ್ದು ಸುಳ್ಳೇನಲ್ಲ ಚಿಕ್ಕಪ್ಪ. ನೀವು ಮೈಕ್ ಸೆಟ್ಟಿಗೆ ಹಾಕ್ತಿದ್ರಲ್ಲ ಪಿ-38 ಪಿನ್, ಅದು ಹುಟ್ಟಿದ್ದೇ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಲ್ಲಿ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಹರ್ಬರ್ಟ್ ಡಾಯ್ಚ್ ಅನ್ನೋ ಸಂಗೀತಗಾರನ ಜೊತೆ ಕೂತು ತನ್ನ ಮೊದಲ ಸಿಂಥಸೈಜರ್ ರೂಪಿಸಿದ. ಆ ಯಂತ್ರಗಳಿಗೂ ಅದೇ ಪಿನ್ನು. ಇದೂ ಸಿಂಥಸೈಜರೇ, ಇದರಲ್ಲಿರೋದು ಆ ಪಿನ್ನಿನ ತಮ್ಮ, ನಿಮ್ಮ ಅಂಗಡಿ ಮಾತಲ್ಲಿ ಇಪಿ ಪಿನ್, ಮೂರೂವರೆ ಮಿಲಿಮೀಟರಿಂದು.

ಚಿಕ್ಕಪ್ಪ: ಪಿನ್ನು ಗೊತ್ತಾಯ್ತು. ಕೆಲಸ ಹೇಳು.

ಹುಡುಗಿ: ಒಂದೊಂದು ಪ್ಯಾನಲ್ಲಿಗೂ, ಅಂದ್ರೆ ಮಾಡ್ಯೂಲಿಗೂ, ಒಂದೊಂದು ಕೆಲಸ. ಇದು ಸ್ವರ ಹುಟ್ಟಿಸೋ ಆಸಿಲೇಟರ್. ಇದು ಫಿಲ್ಟರ್, ಸದ್ದಿನ ಮೊನಚು ಸವೆಸುತ್ತೆ. ಈ ಪಕ್ಕದ್ದು ಸದ್ದು ಎಷ್ಟು ಬೇಗ ಏರಬೇಕು, ಎಷ್ಟು ನಿಧಾನ ಇಳೀಬೇಕು ಅಂತ ಹೇಳುತ್ತೆ. ಕರೆಂಟು ಒಂದು ಬಿಟ್ರೆ ಇವುಗಳಿಗೆ ಒಳಗೊಳಗೆ ಸಂಬಂಧವೇ ಇಲ್ಲ. ಸಂಬಂಧ ಕಟ್ಟೋದು ನಾನು, ಈ ವೈರುಗಳಲ್ಲಿ. ನಮ್ಮ ತೋಟದಲ್ಲಿ ಒಂದು ಪಾತಿಗೆ ಮಣ್ಣು ಕಟ್ಟಿ ಇನ್ನೊಂದು ಪಾತಿಗೆ ನೀರು ತಿರುಗಿಸ್ತೀರಲ್ಲ, ಹಾಗೆ. ಇವತ್ತು ಇದರ ನೀರು ಅದಕ್ಕೆ, ನಾಳೆ ಅದರದ್ದು ಇದಕ್ಕೆ.

ಚಿಕ್ಕಪ್ಪ: ನೀರು ಅಂದ್ರ ಇಲ್ಲಿ ವೋಲ್ಟೇಜು.

ಹುಡುಗಿ: ವೋಲ್ಟೇಜೇ. ಆಸಿಲೇಟರಿಗೆ ಒಂದು ವೋಲ್ಟ್ ಜಾಸ್ತಿ ಕೊಟ್ರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತೆ. ಕೆಳಗಿನ ಷಡ್ಜ ಸೊನ್ನೆ ವೋಲ್ಟ್ ಅಂತ ಇಟ್ಕೊಂಡ್ರೆ ಮೇಲಿನ ಷಡ್ಜ ಒಂದು ವೋಲ್ಟ್. ಪಂಚಮ 585 ಮಿಲಿವೋಲ್ಟ್, ಶುದ್ಧ ಮಧ್ಯಮ 415.

ಚಿಕ್ಕಪ್ಪ: ಗಾಂಧಾರ?

ಹುಡುಗಿ: ಅದಕ್ಕೇ ಬರ್ತಿದ್ದೆ. ಕೀಬೋರ್ಡಿನ ಗಾಂಧಾರ 333 ಮಿಲಿವೋಲ್ಟ್, ಒಂದು ವೋಲ್ಟನ್ನ ಹನ್ನೆರಡು ಸಮ ಪಾಲು ಮಾಡಿ ನಾಲ್ಕನೆಯದಕ್ಕೆ ನಿಲ್ಲಿಸಿದ್ದು. ತಂಬೂರಿಯ ಜೊತೆ ಕಿವಿಗೆ ಹಿತವಾಗಿ ಕೂರೋ ಅಂತರ ಗಾಂಧಾರ 322. ಹನ್ನೊಂದು ಮಿಲಿವೋಲ್ಟ್ ವ್ಯತ್ಯಾಸ. ಅಂಗಡಿಯ ಕೀಬೋರ್ಡಲ್ಲಿ ಅದನ್ನ ಸರಿ ಮಾಡ್ಬೇಕಂದ್ರೆ ಕಂಪನಿಯವನು ಮೊದಲೇ ಅವಕಾಶ ಕೊಟ್ಟಿರ್ಬೇಕು. ಇಲ್ಲಿ ಒಂದು ಪ್ರೀಸೆಟ್ ತಿರುಗಿಸಿದ್ರೆ ಆಯ್ತು.

ಚಿಕ್ಕಪ್ಪ: ಅಷ್ಟಕ್ಕ ಇಷ್ಟು ವೈರಾ! ಇರ್ಲಿ. ಇದು ನಮ್ ದೇಶದಲ್ಲಿ ಮೊದಲು ಯಾರ್ ತಂದ್ರು?

ಹುಡುಗಿ: ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಅಲ್ಲಿ ಒಂದು ಮೂಗ್ ಯಂತ್ರ ಕೂಡಿಸಿ ಸ್ಟುಡಿಯೋ ಮಾಡಿಕೊಟ್ಟ. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಇನ್ನೂ ಕೆಲವರು ಅದರಲ್ಲಿ ಕೆಲಸ ಮಾಡಿದ್ರು. ಗೀತಾ ಸಾರಾಭಾಯಿ ಪಖಾವಾಜ್ ನುಡಿಸೋರು, ಜಾನ್ ಕೇಜ್‌ಗೆ ನ್ಯೂಯಾರ್ಕಲ್ಲಿ ನಮ್ಮ ಸಂಗೀತ ಹೇಳಿಕೊಟ್ಟವರು. 1972ರವರೆಗಿನ ಟೇಪುಗಳು ಸಂಸ್ಥೆಯ ಹಳೇ ಸಂಗ್ರಹದಲ್ಲೇ ಇದ್ವು. ಪಾಲ್ ಪರ್ಗಾಸ್ ಅನ್ನೋ ಲಂಡನ್ನಿನ ಸಂಗೀತಗಾರ ಹುಡುಕಿ ತೆಗೆದ ಮೇಲೆ 2023ರಲ್ಲಿ ಅವುಗಳ ಸಂಕಲನ ಹೊರಗೆ ಬಂತು.

ಚಿಕ್ಕಪ್ಪ: ನುಡಿಸ್ದೋರ ಹೆಸರು ಹೇಳ್ದೆ. ಕೆಟ್ಟಾಗ ರಿಪೇರಿ ಮಾಡ್ತಿದ್ದೋರು ಯಾರು?

ಹುಡುಗಿ: ಅದನ್ನ ಯಾರೂ ಬರೆದಿದ್ದು ನಾನು ಓದಿಲ್ಲ.

ಚಿಕ್ಕಪ್ಪ: ಬರೆಯಾಕಿಲ್ಲ. ಅದೇ ಕನ ನಾನ್ ಕೇಳಿದ್ದು. ಪೆಟ್ಟಿಗೆ ದೂರದಿಂದ ಬಂದ್ರೂ ರಿಪೇರಿಯವನು ಪಕ್ಕದ ಬೀದೀಲಿ ಇರ್ಬೇಕು. ಇಲ್ದಿದ್ರ ಅದು ಸಾಮಾನಾಯ್ತದ, ವಾದ್ಯ ಆಗಾಕಿಲ್ಲ.

ಹುಡುಗಿ: ಹಾಗಿದ್ರೆ ನಿಮಗೆ ಬೆಂಗಳೂರಿನ ಕತೆ ಹಿಡಿಸುತ್ತೆ. ಜಿ. ರಾಜನಾರಾಯಣ್, ಕೊಳಲು ನುಡಿಸೋ ಎಂಜಿನಿಯರ್. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ಮದರಾಸಿನ ಸಂಗೀತ ಸಮ್ಮೇಳನದಲ್ಲಿ ತೋರಿಸಿದ್ರು. ರಾಡೆಲ್ ಅಂತ ಅವರದೇ ಕಂಪನಿ. ತಂಬೂರಿ ಹೊತ್ತು ಬಸ್ ಹತ್ತೋ ಕಷ್ಟ ಯಾವ ವಿದ್ವಾಂಸರಿಗೆ ಗೊತ್ತಿಲ್ಲ? ನಮ್ಮ ರಾಜ್ಯದಲ್ಲಿ ಸಿಂಥಸೈಜರ್ ಅಂದ್ರೆ ನಾನು ಮೊದಲು ಎಣಿಸೋದು ಅದನ್ನೇ. ಆ ಡಬ್ಬಿಯೊಳಗೂ ಇವೇ ಕೆಲಸ: ಸ್ವರ ಹುಟ್ಟಿಸೋದು, ಸರದಿ ನಡೆಸೋದು, ಪ್ರತಿ ಮೀಟಿಗೂ ಏರು ಇಳಿವು ಕೊಡೋದು. ವ್ಯತ್ಯಾಸ ಇಷ್ಟೆ, ಅಲ್ಲಿ ವೈರುಗಳನ್ನ ಒಳಗೇ ಬೆಸುಗೆ ಹಾಕಿ ಮುಚ್ಚಿದ್ದಾರೆ. ಇಲ್ಲಿ ಹೊರಗೆ ಬಿಟ್ಟಿದೆ.

ಚಿಕ್ಕಪ್ಪ: ಅಂವ ತನಗ ಬೇಕಾದ್ದು ಮಾಡ್ದ. ಕೊಳಲಿಗ ಶ್ರುತಿ ಬೇಕಿತ್ತು, ಶ್ರುತಿಪೆಟ್ಟಿಗೆ ಮಾಡ್ದ. ನಿಂಗ ಏನ್ ಬೇಕು?

ಹುಡುಗಿ: ಅದನ್ನ ಆಮೇಲೆ ಕೇಳಿ. ಈಗ ಈ ಹಮ್ ಹೇಗೆ ಹೋಗಿಸೋದು ಹೇಳಿ. ಸಾಯಂಕಾಲ ಆದ್ರೆ ಸಾಕು, ಗುಂಯ್ ಅಂತ ಶುರುವಾಗುತ್ತೆ. ಹಗಲಲ್ಲಿ ಇರಲ್ಲ.

ಚಿಕ್ಕಪ್ಪ: ಹಗಲಲ್ಲಿ ಇಲ್ಲ, ಸಂಜೆ ಅದ. ಅಂದ್ಮೇಲೆ ಆಸಿಲೇಟರ್ ಬೈಬ್ಯಾಡ, ಕರೆಂಟ್ ನೋಡು. ಟ್ರಾನ್ಸ್‌ಫಾರ್ಮರ್ ಎಷ್ಟಿಂದು?

ಹುಡುಗಿ: 12-0-12. ಆಮೇಲೆ ಬ್ರಿಡ್ಜ್, ಕಂಡೆನ್ಸರ್, ಪ್ಲಸ್‌ಗೆ 7812, ಮೈನಸ್‌ಗೆ 7912. ಈ ಮಾಡ್ಯೂಲುಗಳಿಗೆಲ್ಲ ಪ್ಲಸ್ 12, ಮೈನಸ್ 12 ಎರಡೂ ಬೇಕು. ಜರ್ಮನಿಯ ಡೀಟರ್ ಡೋಪ್‌ಫರ್ 1995ರಲ್ಲಿ ಯೂರೋರ್‍ಯಾಕ್ ಅಂತ ಅಳತೆ ಹಾಕಿಕೊಟ್ಟ. ಈಗ ಜಗತ್ತಲ್ಲಿ ಮನೆಮನೆಯಲ್ಲಿ ಕಟ್ಟೋರೆಲ್ಲ ಹೆಚ್ಚಾಗಿ ಅದನ್ನೇ ಹಿಡಿದಿದ್ದಾರೆ.

ಚಿಕ್ಕಪ್ಪ: ಅಂವ ಜರ್ಮನಿ ಕರೆಂಟ್ ನೋಡಿ ಹಾಕ್ದ. ನೀನು ಒಡೆಯರಪಾಳ್ಯದ ಕರೆಂಟ್ ನೋಡಿ ಹಾಕ್ಬೇಕು. ಬರ್ಕೊ. 12 ವೋಲ್ಟ್ ಏಸಿನ ಡೀಸಿ ಮಾಡುದ್ರ ತುದೀಲಿ 17 ಬತ್ತದ. ಡಯೋಡ್ ಮುಕ್ಕಾಲು ತಿಂತದ. 16 ಚಿಲ್ಲರೆ ಉಳೀತು. 7812ಕ್ಕ 12 ಕೊಡ್ಬೇಕಂದ್ರ ಒಳಕ್ಕ 14 ಆದ್ರೂ ಬೇಕು. ಹಗಲು 230 ಅದ, ನಡೀತು. ಸಂಜೆ ಎಲ್ರೂ ಮೋಟ್ರು, ಟೀವಿ, ಮಿಕ್ಸಿ ಹಾಕ್ದಾಗ 190ಕ್ಕ ಇಳೀತದ. ಆವಾಗ ನಿನ್ನ 16 ಎಷ್ಟಾಯ್ತು?

ಹುಡುಗಿ: 13 ಚಿಲ್ಲರೆ.

ಚಿಕ್ಕಪ್ಪ: ಹೂಂ. ರೆಗ್ಯುಲೇಟರಿಗ ಉಸಿರಿಲ್ಲ. ಕಂಡೆನ್ಸರ್ ಅಲೆ ಹಂಗೇ ಹೊರಕ್ಕ ಬತ್ತದ. ಸೆಕೆಂಡಿಗ ನೂರು ಸಲ. ಅದೇ ನಿನ್ನ ಗುಂಯ್.

ಹುಡುಗಿ: 100 ಹರ್ಟ್ಜ್! ನಾನು ಅದನ್ನ ಕೇಳಿ, ಯಾವ ಮಾಡ್ಯೂಲಿಂದ ಬರ್ತಿದೆ ಅಂತ ಒಂದೊಂದೇ ಬಿಚ್ಚಿ ನೋಡ್ತಿದ್ದೆ. ಹಾಗಾದ್ರೆ 15-0-15 ಹಾಕ್ಲಾ?

ಚಿಕ್ಕಪ್ಪ: ಹಾಕು, ಆದ್ರ ಶಾಖ ಲೆಕ್ಕ ಹಾಕಿ ಹಾಕು. ಎಷ್ಟು ಕರೆಂಟ್ ಎಳೀತವ ಇವೆಲ್ಲ?

ಹುಡುಗಿ: ಒಂದೊಂದು 30ರಿಂದ 80 ಮಿಲಿ ಆಂಪ್. ಪ್ಲಸ್ ಕಡೆ ಎಲ್ಲಾ ಸೇರಿ ಅರ್ಧ ಆಂಪ್ ಒಳಗೆ.

ಚಿಕ್ಕಪ್ಪ: ಅರ್ಧ ಅಂತ ಇಟ್ಕೊ. 15-0-15ರಲ್ಲಿ ಕರೆಂಟ್ ಒಸಿ ಜಾಸ್ತಿ ಇದ್ದಾಗ 21 ಬತ್ತದ. 12 ಬೇಕು, ಮಿಕ್ಕ 9 ಚಿಲ್ಲರೆ ವೋಲ್ಟು ಶಾಖ. ಅರ್ಧ ಆಂಪ್ ಅಂದ್ರ ಹತ್ತತ್ರ 5 ವಾಟ್, ಒಂದು ರೆಗ್ಯುಲೇಟರಿಗ. ಕೈ ಇಟ್ರ ಬೊಬ್ಬೆ. ಅದಕ್ಕ ಹೀಟ್ ಸಿಂಕ್ ಪೆಟ್ಟಿಗೆ ಒಳಗ ಬ್ಯಾಡ, ಬೆನ್ನಿಗ ಹಾಕು, ಗಾಳಿ ತಗಲ್ಲಿ. ಕಂಡೆನ್ಸರ್ 4700, 35 ವೋಲ್ಟಿಂದು ತಗೊ. 25ರದ್ದು ಅಂಚಿಗ ಬತ್ತದ, ಬ್ಯಾಡ. ಇನ್ನೊಂದು. 7812, 7912 ಎರಡನ್ನೂ ಒಂದೇ ಹೀಟ್ ಸಿಂಕಿಗ ತಿರುಪು ಹಾಕಿ ಬಿಗೀಬ್ಯಾಡ.

ಹುಡುಗಿ: ಯಾಕೆ? ನೋಡೋಕೆ ಎರಡೂ ಒಂದೇ.

ಚಿಕ್ಕಪ್ಪ: ನೋಡಾಕ ಒಂದೇ ಕನವ್ವ, ಅದಕ್ಕೇ ಹುಡುಗ್ರು ಸುಟ್ಕಳೋದು. 7812ರ ಬೆನ್ನ ತಗಡು ಗ್ರೌಂಡು. 7912ರ ಬೆನ್ನು ಗ್ರೌಂಡಲ್ಲ, ಇನ್‌ಪುಟ್ಟು. ಎರಡೂ ಒಂದೇ ಅಲ್ಯೂಮಿನಿಯಂಗ ಕೂತ್ರ ಮೈನಸ್ ಸಪ್ಲೈ ನೇರ ಗ್ರೌಂಡಿಗ ಬಿತ್ತು. ಮಧ್ಯ ಮೈಕಾ ಹಾಳೆ ಇಡು, ತಿರುಪಿಗ ಬುಷ್ ಹಾಕು, ಆಮೇಲ ಮೀಟರ್ ಹಿಡಿದು ಬೀಪ್ ಬರಾಕಿಲ್ಲ ಅಂತ ನೋಡಿ ಕರೆಂಟ್ ಕೊಡು. ಕಂಪ್ಯೂಟರ್ ಚಾರ್ಜರ್ ಥರದ್ದು ತಂದು ಹಾಕ್ಬೋದು, ಹಗುರ, ಶಾಖ ಕಮ್ಮಿ. ಆದ್ರ ಅದರ ಚಿರ್ ಸದ್ದು ನಿನ್ನ ಸದ್ದಿನೊಳಕ್ಕ ಬತ್ತದ. ಈ ದಪ್ಪ ಟ್ರಾನ್ಸ್‌ಫಾರ್ಮರೇ ವಾಸಿ. ಕೆಟ್ರ ನಾನೇ ಸುತ್ತಿಕೊಡ್ತೀನಿ.

ಹುಡುಗಿ: ಆದ್ರೆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೊಳಗೆ ಇಡಲ್ಲ. ಅದಕ್ಕೆ ನನ್ನದೂ ಒಂದು ಲೆಕ್ಕ ಇದೆ.

ಚಿಕ್ಕಪ್ಪ: ಹೇಳು ಹೇಳು.

ಹುಡುಗಿ: ಒಂದು ವೋಲ್ಟಿಗೆ ಒಂದು ಸ್ಥಾಯಿ ಅಂದೆನಲ್ಲ. ಆಸಿಲೇಟರಿಗೆ ಆ ಲೆಕ್ಕ ಮಾಡಿಕೊಡೋದು ಒಂದು ಟ್ರಾನ್ಸಿಸ್ಟರ್. ಅದರ ಬೇಸಿಗೆ ಸುಮಾರು 18 ಮಿಲಿವೋಲ್ಟ್ ಜಾಸ್ತಿ ಕೊಟ್ರೆ ಕರೆಂಟು ಎರಡರಷ್ಟಾಗುತ್ತೆ, ಸ್ವರ ಒಂದು ಸ್ಥಾಯಿ ಏರುತ್ತೆ. ಆದ್ರೆ ಆ 18 ಅನ್ನೋದು ನಿಂತ ನೀರಲ್ಲ. ಒಂದು ಡಿಗ್ರಿ ಬಿಸಿಯಾದ್ರೆ ಮೂರು ಸಾವಿರದಲ್ಲಿ ಹತ್ತು ಪಾಲು ಬದಲಾಗುತ್ತೆ. ಹತ್ತು ಡಿಗ್ರಿಗೆ ನೂರಕ್ಕೆ ಮೂರು ಚಿಲ್ಲರೆ. ಕೇಳೋಕೆ ಏನೂ ಅಲ್ಲ. ಐದು ಸ್ಥಾಯಿ ಮೇಲೆ ಹೋದಾಗ ನೋಡಿ, ಪೂರಾ ಎರಡು ಸ್ವರಸ್ಥಾನ ಜಾರಿರುತ್ತೆ.

ಚಿಕ್ಕಪ್ಪ: ಬೆಳಗ್ಗೆ ಸ ಅಂದಿದ್ದು ಮಧ್ಯಾಹ್ನ ರಿ!

ಹುಡುಗಿ: ಹೆಚ್ಚು ಕಡಿಮೆ. ನಮ್ಮೂರಲ್ಲಿ ಮಾಗಿ ಕಾಲದ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಅಂತರ ಏನು ಮಹಾ? ಬೆಳಗ್ಗೆ ಮಂಜಲ್ಲಿ ಶ್ರುತಿ ಮಾಡಿದ್ದು ಊಟದ ಹೊತ್ತಿಗೆ ಕೆಟ್ಟಿರುತ್ತೆ. ಮೂಗ್ ಕಾಲದವರೂ ಇದನ್ನ ಅನುಭವಿಸಿದವರೇ. ಎರಡು ಟ್ರಾನ್ಸಿಸ್ಟರ್ ಬೆನ್ನಿಗೆ ಬೆನ್ನು ಅಂಟಿಸೋದು, ಶಾಖಕ್ಕೆ ತಕ್ಕಂತೆ ತಾನೂ ಏರೋ ರೆಸಿಸ್ಟರ್ ಹಾಕೋದು, ಹೀಗೆಲ್ಲ. ಆಮೇಲೆ ಡಗ್ ಕರ್ಟಿಸ್ ಅನ್ನೋನು ಅದೆಲ್ಲವನ್ನೂ ಒಂದೇ ಐಸಿಯೊಳಗೆ ತುಂಬಿ 3340 ಅಂತ ಮಾಡಿದ. ಈಗ ಲಾಟ್ವಿಯಾದ ಒಂದು ಕಾರ್ಖಾನೆ ಅದನ್ನ ಮತ್ತೆ ಮಾಡ್ತಿದೆ. ನನ್ನ ಎರಡು ಆಸಿಲೇಟರಲ್ಲಿ ಅದೇ ಇರೋದು. ಮೂರನೆಯದು ಬಿಸಿಗೆ ಜಾರೋ ಹಳೇ ಪದ್ಧತಿಯದು, ಬೇಕಂತಲೇ ಇಟ್ಟಿದ್ದೀನಿ.

ಚಿಕ್ಕಪ್ಪ: ಬೇಕಂತ್ಲಾ! ರಿಪೇರಿಗ ಬಂದಿದ್ರ ನಾನ್ ಮೊದ್ಲು ಅದ್ನೇ ಕಿತ್ತಾಕ್ತಿದ್ದೆ.

ಹುಡುಗಿ: ಗೊತ್ತು. ಅದಕ್ಕೇ ನಿಮ್ಮ ಕಣ್ಣಿಗೆ ಬೀಳದ ಮೂಲೇಲಿ ಹಾಕಿದ್ದೆ. ವಿಷಯ ಏನಂದ್ರೆ, ಆಸಿಲೇಟರುಗಳನ್ನ ಕೆಳಗಿನ ಸಾಲಲ್ಲಿ ಕೂರಿಸ್ಬೇಕು, ಶಾಖ ಮೇಲೆ ಹೋಗುತ್ತಲ್ಲ. ಟ್ರಾನ್ಸ್‌ಫಾರ್ಮರ್ ಬೇರೆ ಡಬ್ಬೀಲಿ, ಮಾರು ದೂರ. ಹೀಟ್ ಸಿಂಕು ಮೇಲಿನ ಸಾಲಿನ ಬೆನ್ನಿಗೆ.

ಚಿಕ್ಕಪ್ಪ: ಪೆಟ್ಟಿಗೆ ಎಷ್ಟು ಉದ್ದ?

ಹುಡುಗಿ: ಒಂದು ಪ್ಯಾನಲ್ಲಿನ ಎತ್ತರ 128.5 ಮಿಲಿಮೀಟರ್. ಅಗಲಕ್ಕೆ ಎಚ್‌ಪಿ ಅಂತ ಲೆಕ್ಕ, ಒಂದು ಎಚ್‌ಪಿ ಅಂದ್ರೆ 5.08 ಮಿಲಿಮೀಟರ್. ಒಂದು ಸಾಲಿಗೆ 84 ಎಚ್‌ಪಿ, 43 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಎರಡು ಸಾಲು. ಅಲ್ಯೂಮಿನಿಯಂ ರೈಲು ಹೊರಗಿಂದ ತರಿಸಿದ್ರೆ ಮಾಡ್ಯೂಲಿಗಿಂತ ಅದೇ ದುಬಾರಿ ಅನ್ನಿಸುತ್ತೆ. ಮಾಡ್ಯೂಲು ಏನು ಅಗ್ಗ ಅಂತಲ್ಲ. ರೆಡಿಮೇಡ್ ತರಿಸಿದ್ರೆ ಒಂದಕ್ಕೆ 200 ಯೂರೋ ದಾಟೋದು ಮಾಮೂಲು, ಮೇಲೆ ಸುಂಕ. ಅದಕ್ಕೇ ನಾನು ಹೆಚ್ಚಿನವನ್ನ ಕೈಯಲ್ಲೇ ಕಟ್ಟಿದ್ದು. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೇಲಿ ಅಂಗಡಿ ಅಂಗಡಿ ಸುತ್ತಿ ಟಿಎಲ್ 072 ಇದೆಯಾ, ಎಲ್‌ಎಂ 13700 ಇದೆಯಾ ಅಂತ ಕೇಳೋವಾಗ, ಮಂಟೇಸ್ವಾಮಿ ಕತೇಲಿ ಕಬ್ಬಿಣದ ಭಿಕ್ಷೆಗೆ ಹಲಗೂರು ಪಾಂಚಾಳರ ಹತ್ರ ಹೋದ ಸಿದ್ದಪ್ಪಾಜಿ ನೆನಪಾಗ್ತಾನೆ.

ಚಿಕ್ಕಪ್ಪ: ಸಿದ್ದಪ್ಪಾಜಿಗಾದ್ರೂ ಬೆನ್ನಿಗ ಮಂಟೇಸ್ವಾಮಿ ಇದ್ರು. ನಿಂಗ ಯಾರು?

ಹುಡುಗಿ: ಚಿಕ್ಕಪ್ಪ ಇದ್ದಾರೆ. ನಿಮ್ಮ ಟ್ರಂಕಲ್ಲಿ ಎಸ್‌ಎಲ್ 100, ಎಸ್‌ಕೆ 100 ಡಬ್ಬಿಗಟ್ಟಲೆ ಇದೆ ಅಂತ ಚಿಕ್ಕಮ್ಮ ಹೇಳಿದ್ರು.

ಚಿಕ್ಕಪ್ಪ: ಅವ್ಳಿಗ ಯಾಕ ಆ ಮಾತು! ಇದ್ದಾವ. ಬಿಇಎಲ್ 188ನೂ ಇದ್ದಾವ, ಜಾಲಹಳ್ಳಿಯವು. ಆಗ ಒಂದು ಟ್ರಾನ್ಸಿಸ್ಟರ್ ಬೆಂಗಳೂರಲ್ಲೇ ಆಯ್ತಿತ್ತು, ನಮ್ ಕೈಗ ಬತ್ತಿತ್ತು, ರೇಡಿಯೋ ಹಾಡ್ತಿತ್ತು. ತಗೊ. ಆದ್ರ ಕಾಲು ಕಪ್ಪಾಗಿದ್ರ ಬ್ಲೇಡಲ್ಲಿ ಕೆರೆದು ಪೇಸ್ಟ್ ಹಚ್ಚಿ ಆಮೇಲ ಲೆಡ್ ಹಾಕು. ಇಲ್ದಿದ್ರ ಡ್ರೈ ಸೋಲ್ಡರ್ ಆಯ್ತದ, ಇವತ್ತು ಹಾಡ್ತದ, ನಾಳೆ ಕೆಮ್ಮುತದ. ಪೇಸ್ಟನ್ನ ಆಮೇಲ ಸ್ಪಿರಿಟ್ಟಲ್ಲಿ ಒರೆಸ್ಬುಡು, ಈ ತೇವದಲ್ಲಿ ಹಸಿರು ಹಿಡೀತದ.

ಹುಡುಗಿ: ಪೆಟ್ಟಿಗೆಗೆ ಪ್ಲೈವುಡ್ ಸಾಕಲ್ವಾ?

ಚಿಕ್ಕಪ್ಪ: ಈ ನೆಲದಲ್ಲಿ ಪ್ಲೈವುಡ್ ಗೋಡೆಗ ಒರಗ್ಸಿದ್ರ ಗೆದ್ದಲು ಬುಡಾಕಿಲ್ಲ. ಹಳೇ ಮನೆ ಕೆಡವ್ದಾಗ ಹಲಸಿನ ಹಲಗೆ ತೆಗೆದಿಟ್ಟಿವ್ನಿ. ತಂಬೂರಿಗೂ ಅದೇ ಮರ ಅಂತ ನೀನೇ ಹೇಳ್ತೀಯ. ವರ್ಷಾನುಗಟ್ಟಲೆ ಒಣಗಿರೋದು, ಇನ್ನು ಬಾಗಾಕಿಲ್ಲ. ರೈಲು ಬ್ಯಾಡ. ಮುಂದ್ಗಡೆ ಮೇಲೊಂದು ಕೆಳಗೊಂದು ಗಟ್ಟಿ ಮರದ ಪಟ್ಟಿ ಹೊಡೀತೀನಿ. ತೂತಿನ ಅಂತರ ಹೇಳು.

ಹುಡುಗಿ: ಮೇಲಿನ ತಿರುಪಿಂದ ಕೆಳಗಿನ ತಿರುಪಿಗೆ 122.5 ಮಿಲಿಮೀಟರ್. ಆದ್ರೆ ಮರಕ್ಕೆ ತಿರುಪು ಬಿಗಿದು ಬಿಚ್ಚಿ ಮಾಡ್ತಾ ಇದ್ರೆ ತೂತು ಸಡಿಲ ಆಗಲ್ವಾ? ನಾನು ವಾರಕ್ಕೊಂದು ಸಲ ಜಾಗ ಬದಲಿಸ್ತೀನಿ.

ಚಿಕ್ಕಪ್ಪ: ವಾರಕ್ಕೊಂದು ಸಲ ಬದ್ಲಾಯ್ಸೋದು ನಿಲ್ಸು. ಆಯ್ತು, ಪಟ್ಟಿ ಮ್ಯಾಲ ತೆಳ್ಳಗೆ ಕಬ್ಬಿಣದ ಪಟ್ಟಿ ಕೂರ್ಸಿ ಮೂರು ಎಂಎಂ ಟ್ಯಾಪ್ ಹೊಡೆದ್ಬುಡ್ತೀನಿ, ಹನೂರಲ್ಲಿ ಲೇತ್‌ನವನು ನಮ್ಮವನೇ. ಖಾಲಿ ಜಾಗಕ್ಕ ಏನ್ ಮುಚ್ತೀಯ?

ಹುಡುಗಿ: ಖಾಲಿ ಬಿಟ್ರೆ ಏನಾಗುತ್ತೆ?

ಚಿಕ್ಕಪ್ಪ: ಹಲ್ಲಿ ಬತ್ತದ. ನಗಬ್ಯಾಡ. ಸ್ಟೆಬಿಲೈಜರ್ ಬಿಚ್ಚಿದ್ರ ಒಳಗ ಹಲ್ಲಿ ಮೊಟ್ಟೆ ಅಂಟ್ಕಂಡಿರೋದು, ಬೋರ್ಡ್ ಮ್ಯಾಲ ಹಲ್ಲಿ ಎರಡು ಟ್ರ್ಯಾಕಿಗ ಅಡ್ಡ ಬಿದ್ದು ಕರಕಲಾಗಿರೋದು. ಶಾಖ ಇದ್ದ ಕಡೆ ಅವು ಸೇರ್ಕತಾವ. ಗಾಳಿ ತೂತಿಗ ಸೊಳ್ಳೆ ಪರದೆ ಜಾಲರಿ ಒಳಗಿಂದ ಹಚ್ಚು. ಮುಂದ್ಗಡೆ ಖಾಲಿ ಜಾಗಕ್ಕ ಹೈಲಂ ಶೀಟ್ ಕುಯ್ದು ಹಾಕು. ಹಲ್ಲಿ ಲೊಚಗುಟ್ಟಿದ್ರ ಶಕುನ ಅಂತಾರ, ಸಪ್ಲೈ ಒಳಗ ಲೊಚಗುಟ್ಟಿದ್ರ ಫ್ಯೂಸ್ ಅಂತ ನಾನಂತೀನಿ.

ಹುಡುಗಿ: ಹೈಲಂ ಆದ್ರೆ ಪ್ಯಾನಲ್ಲಿಗೂ ಆಗುತ್ತಲ್ಲ? ಜಾಕಿಗೆ 6 ಮಿಲಿಮೀಟರ್ ತೂತು, ವಾಲ್ಯೂಮ್ ಕಂಟ್ರೋಲಿಗೆ 7.

ಚಿಕ್ಕಪ್ಪ: ತೂತಿಗ ಆಯ್ತದ. ಗ್ರೌಂಡಿಗ ಆಗಾಕಿಲ್ಲ. ಅಲ್ಯೂಮಿನಿಯಂ ಪ್ಯಾನಲ್ ಆದ್ರ ಜಾಕಿನ ನಟ್ಟೇ ಗ್ರೌಂಡ್ ಹಿಡೀತದ. ಹೈಲಂನಲ್ಲಿ ಜಾಕಿಂದ ಜಾಕಿಗ ಬರಿ ತಂತಿ ಎಳೆದು ಗ್ರೌಂಡ್ ಸೇರಿಸ್ಬೇಕು. ಕೆಲಸ ಜಾಸ್ತಿ, ಆದ್ರ ನೋಡಾಕ ಹಳೇ ಸ್ವಿಚ್ ಬೋರ್ಡ್ ಚಂದ. ಒಳಗ ಈ ಪಟ್ಟಿ ವೈರ್ ಯಾವ ಕಡೆ ಹಾಕೋದು?

ಹುಡುಗಿ: ಹತ್ತು ಕಾಲಿನ ಕನೆಕ್ಟರ್. ಕೆಂಪು ಗೆರೆ ಇದ್ದ ಕಡೆ ಮೈನಸ್ 12.

ಚಿಕ್ಕಪ್ಪ: ಕೆಂಪು ಮೈನಸ್ಸಾ? ಯಾವನ್ ಮಗ ಅದ್ನ ಇಟ್ಟಿದ್ದು! ಲೋಕಕ್ಕೆಲ್ಲ ಕೆಂಪು ಪ್ಲಸ್.

ಹುಡುಗಿ: ಇಡೀ ಜಗತ್ತಿನ ಯೂರೋರ್‍ಯಾಕ್ ಜನ ಅದೇ ಬೈಗುಳ ಬೈತಾರೆ. ಅದಕ್ಕೇ ಉಲ್ಟಾ ಹಾಕೋಕೆ ಆಗದ ಗೂಡಿರೋ ಸಾಕೆಟ್ಟನ್ನೇ ಹಾಕಿದ್ದೀನಿ. ಪ್ರತಿ ಬೋರ್ಡಿನ ಬಾಗಿಲಲ್ಲೂ ಎರಡು ಡಯೋಡ್.

ಚಿಕ್ಕಪ್ಪ: ಅಷ್ಟು ಮಾಡಿದ್ದೀಯಲ್ಲ, ವಾಸಿ. ಈಗ ಹೇಳು. ನಿಂಗ ಏನ್ ಬೇಕು ಇದ್ರಲ್ಲಿ? ನೀಲಗಾರರು ಚಿಕ್ಕಲ್ಲೂರು ಜಾತ್ರೇಲಿ ತಂಬೂರಿ, ಗಗ್ಗರ, ಡಕ್ಕೆ ಇಟ್ಕಂಡು ರಾತ್ರಿ ಪೂರಾ ಮಂಟೇಸ್ವಾಮಿ ಕತೆ ಹಾಡ್ತಾರ. ಅವರ್ಗ ಟ್ರಾನ್ಸ್‌ಫಾರ್ಮರ್ ಬೇಕಾ, 3340 ಬೇಕಾ?

ಹುಡುಗಿ: ಬೇಡ. ಅವರ ಥರ ಇದರಲ್ಲಿ ಮಾಡ್ತೀನಿ ಅಂತಾನೂ ನಾನು ಹೊರಟಿಲ್ಲ. ಸಿಂಥಸೈಜರಲ್ಲಿ ತಂಬೂರಿ ಸದ್ದು ಥೇಟ್ ಬರಿಸೋದು ನನಗೆ ಬೇಸರದ ಕೆಲಸ. ಆ ಕೆಲಸ ಫೋನಲ್ಲಿರೋ ಆ್ಯಪ್ ಚೆನ್ನಾಗೇ ಮಾಡುತ್ತೆ. ನನಗೆ ಬೇಕಾಗಿರೋದು ತಂಬೂರಿಯೊಳಗೆ ನಡೆಯೋ ಕೆಲಸ. ಕುದುರೆ ಮೇಲೆ ತಂತಿ ಕೆಳಗೆ ಒಂದು ನೂಲೆಳೆ ಸರಿಸಿದ್ರೆ ಜೀವ ಬರುತ್ತಲ್ಲ, ಒಂದೇ ಸ್ವರದೊಳಗಿಂದ ಮೇಲಿನ ಸ್ವರಗಳು ಒಂದೊಂದಾಗಿ ಎದ್ದು ಬರ್ತಾವಲ್ಲ, ಅದು. ಅದಕ್ಕೆ ನಾನು ಈ ಮಾಡ್ಯೂಲನ್ನ ತಿದ್ದಿದ್ದೀನಿ. ಇದು ಅಲೆ ಮಡಿಸೋದು. ಅಲೆ ಒಂದು ಮಟ್ಟ ದಾಟಿದ್ರೆ ಕತ್ತರಿಸಲ್ಲ, ಹಿಂದಕ್ಕೆ ಮಡಿಸುತ್ತೆ. ಎಷ್ಟು ಮಡಿಕೆ ಜಾಸ್ತಿಯೋ ಅಷ್ಟು ಮೇಲಿನ ಸ್ವರಗಳು. ಬಂದಾಗ ಇದಕ್ಕೆ ಕೈ ತಿರುಪು ಮಾತ್ರ ಇತ್ತು. ನಾನು ಒಂದು ಜಾಕ್ ಕೊರೆದು, ವೋಲ್ಟೇಜಿಂದಲೇ ಮಡಿಕೆ ಏರಿಳಿಯೋ ಹಾಗೆ ಮಾಡಿದೆ.

ಚಿಕ್ಕಪ್ಪ: ಆ ವೋಲ್ಟೇಜ್ ಎಲ್ಲಿಂದ?

ಹುಡುಗಿ: ಈ ನಿಧಾನದ ಆಸಿಲೇಟರಿಂದ. ಅದೂ ತಿದ್ದಿದ್ದೇ. ಒಂದು ಮೈಕ್ರೋ ಕಂಡೆನ್ಸರ್ ತೆಗೆದು ಹತ್ತು ಮೈಕ್ರೋದು ಹಾಕಿದೆ, ಹತ್ತು ಪಟ್ಟು ನಿಧಾನ ಆಯ್ತು. ತಂಬೂರಿ ಸರದಿಗೆ 4017 ಐಸಿ.

ಚಿಕ್ಕಪ್ಪ: 4017! ಗಣೇಶನ ಪೆಂಡಾಲಿಗ ರನ್ನಿಂಗ್ ಲೈಟ್ ಮಾಡ್ತಿದ್ದೆವಲ್ಲ, ಅದೇಯ?

ಹುಡುಗಿ: ಅದೇ. ಬಲ್ಬಿನ ಬದಲು ವೋಲ್ಟೇಜ್. ಹತ್ತು ಹೆಜ್ಜೆ ಬೇಡ, ನಾಲ್ಕು ಸಾಕು ಅಂತ 10ನೇ ಕಾಲನ್ನ 15ನೇ ಕಾಲಿಗೆ ಸೇರಿಸಿದ್ದೀನಿ. ಮಂದ್ರ ಷಡ್ಜ ಸೊನ್ನೆ ಅಂತ ಇಟ್ಟು ಪಂಚಮಕ್ಕೆ 585 ಮಿಲಿವೋಲ್ಟ್, ಆಮೇಲೆ ಎರಡು ಸಲ ಒಂದು ವೋಲ್ಟ್, ಕೊನೆಗೆ ಸೊನ್ನೆ. ಪ ಸ ಸ ಸ. ಇದನ್ನ ಕೇಳಿ.

(ಯಂತ್ರ ಸ್ವಲ್ಪ ಹೊತ್ತು ನುಡಿಯಿತು.)

ಚಿಕ್ಕಪ್ಪ: ತಂಬೂರಿ ಅಲ್ಲ.

ಹುಡುಗಿ: ಅಲ್ಲ.

ಚಿಕ್ಕಪ್ಪ: ಆದ್ರ ಕೆಳಗ ಒಂದು ಅಲುಗಾಡ್ತದಲ್ಲ, ಹತ್ರ ಬಂದು ದೂರ ಹೋಗಿ. ಅದೇನು?

ಹುಡುಗಿ: ಎರಡು ಆಸಿಲೇಟರ್. ಒಂದು 55 ಹರ್ಟ್ಜ್, ಒಂದು 55.5. ಅರ್ಧದ ವ್ಯತ್ಯಾಸ ಅಂದ್ರೆ ಎರಡು ಸೆಕೆಂಡಿಗೊಂದು ಸಲ ಸದ್ದು ಉಬ್ಬಿ ಇಳಿಯುತ್ತೆ. ಇದನ್ನ ನಾನು ಕಲಿತಿದ್ದು ಟಿಬೆಟಿಯನ್ ಕ್ಯಾಂಪಲ್ಲಿ. ಜೊಗ್ಚೆನ್ ಮಠದಲ್ಲಿ ಆ ಉದ್ದದ ಕೊಂಬು ಊದ್ತಾರಲ್ಲ, ಆಳೆತ್ತರದ್ದನ್ನೂ ಮೀರಿದ್ದು. ಜೋಡೀಲೇ ಊದೋದು. ಒಬ್ಬರು ಉಸಿರು ತಗೊಳ್ಳೋವಾಗ ಇನ್ನೊಬ್ಬರು ಹಿಡಿದಿರ್ತಾರೆ, ಸದ್ದು ಕಡಿಯಲ್ಲ. ಇಬ್ಬರ ಸ್ವರ ಕೂದಲೆಳೆಯಷ್ಟು ಬೇರೆ ಆದಾಗ ಎದೆಯೊಳಗೆ ಹೀಗೇ ಅಲುಗುತ್ತೆ.

ಚಿಕ್ಕಪ್ಪ: ಅವ್ರು ಬಂದಾಗ ಇಲ್ಲೆಲ್ಲ ಕಾಡು ಕನ. 1974ರಲ್ಲಿ ಧೋಂಡೆನ್‌ಲಿಂಗ್ ಕ್ಯಾಂಪು ಶುರುವಾಯ್ತು. ಮಠಕ್ಕ ದಲೈ ಲಾಮಾ ಬಂದಿದ್ದು 1992ರಲ್ಲಿ. ಅವರ ರೇಡಿಯೋ ನನ್ನ ಅಂಗಡಿಗ ಬತ್ತಿದ್ವು, ಶಾರ್ಟ್ ವೇವ್ ಸರಿ ಮಾಡಿಕೊಡಿ ಅಂತ. ಬ್ಯಾಂಡಿನ ನಡುವೆ ಎರಡು ಸ್ಟೇಷನ್ ಒಂದರ ಮೇಲೊಂದು ಬಿದ್ದಾಗ ಚುಯ್ ಅಂತ ಸೀಟಿ ಬತ್ತಿತ್ತಲ್ಲ, ಅದೂ ಇದೇ ಲೆಕ್ಕ. ಎರಡು ಅಲೆ ಕಿತ್ತಾಡೋದು. ಅದ್ನ ಹೋಗ್ಸಿ ಕೊಡಿ ಅಂತ ಜನ ನಂಗ ದುಡ್ಡು ಕೊಡ್ತಿದ್ರು. ನೀನು ದುಡ್ಡು ಕೊಟ್ಟು ಮಾಡ್ಕತಾ ಇದ್ದೀಯ.

ಹುಡುಗಿ: ಬೆಂಗಳೂರಲ್ಲಿ ಹೀಗೇ ಸದ್ದಿನ ಯಂತ್ರ ಕಟ್ಟೋ ಒಂದು ಗುಂಪಿದೆ ಚಿಕ್ಕಪ್ಪ, ಇಂಡಿಯನ್ ಸಾನಿಕ್ ರಿಸರ್ಚ್ ಆರ್ಗನೈಸೇಶನ್ ಅಂತ. ಚಿಕ್ಕದು ಮಾಡಿ ಕರೆದ್ರೆ ಇಸ್ರೋ. ನಾನೊಬ್ಬಳೇ ಹುಚ್ಚಿ ಅಲ್ಲ.

ಚಿಕ್ಕಪ್ಪ: ಹುಚ್ಚು ಅಂತ ನಾನೆಲ್ಲಂದೆ? ಒಂದು ಕೇಳ್ತೀನಿ. ಈ ವೈರೆಲ್ಲ ಕಿತ್ತಾಕಿದ್ರ ಈ ಸದ್ದು ನಾಳೆ ಮತ್ತ ಬತ್ತದ?

ಹುಡುಗಿ: ಹೀಗೇ ಬರಲ್ಲ. ತಿರುಪುಗಳ ಫೋಟೋ ತೆಗೆದಿಟ್ಟರೂ ಹತ್ತಿರ ಬರುತ್ತೆ ಅಷ್ಟೆ.

ಚಿಕ್ಕಪ್ಪ: ಅಂದ್ಮೇಲೆ ಮೂರನೇ ಸಾಲು ಬ್ಯಾಡ. ನೀನು ಆಗ್ಲೇ ಮೇಲ್ಗಡೆ ಇನ್ನೊಂದು ಸಾಲು ಅಂತ ಗೋಡೆ ಮೇಲೆ ಪೆನ್ಸಿಲ್ಲಲ್ಲಿ ಗೀಚಿದ್ದೀಯ, ನೋಡ್ದೆ ನಾನು. ಇರೋ ಎರಡು ಸಾಲಲ್ಲೇ ನಾಳೆ ಬೇರೆ ಸದ್ದು ಬತ್ತದ, ನಾಡಿದ್ದು ಬೇರೆ. ಮೂರನೇ ಸಾಲು ಹಾಕುದ್ರ ಅದನ್ನ ತುಂಬಾಕ ದುಡೀತೀಯ, ನುಡಿಸಾಕ ಪುರಸೊತ್ತಿರಾಕಿಲ್ಲ. ರೆಗ್ಯುಲೇಟರೂ ತಡೆಯಾಕಿಲ್ಲ.

ಹುಡುಗಿ: ರೆಗ್ಯುಲೇಟರ್ ದೊಡ್ಡದು ಹಾಕ್ಬಹುದಲ್ಲ.

ಚಿಕ್ಕಪ್ಪ: ಹಾಕ್ಬೋದು. ಹಲಸಿನ ಹಲಗೆ ಇರೋದು ಎರಡೇ ಸಾಲಿಗ.

ಹುಡುಗಿ: ಇದು ಮೋಸ.

ಚಿಕ್ಕಪ್ಪ: ಮೋಸ ಅಲ್ಲ, ಅಳತೆ. ಸರಿ, ಮೈನ್ಸ್ ಕಡೆ ನೋಡವ. ಫ್ಯೂಸ್ ಎಷ್ಟಿಂದು ಹಾಕಿದ್ದೀಯ?

ಹುಡುಗಿ: ಒಂದು ಆಂಪ್.

ಚಿಕ್ಕಪ್ಪ: ಅದು ಉರಿಯೋ ಹೊತ್ತಿಗ ಟ್ರಾನ್ಸ್‌ಫಾರ್ಮರ್ ಉರಿದಿರ್ತದ. 15-0-15, ಎರಡು ಆಂಪ್ ಅಂದ್ರ 60 ವಾಟ್. 230ರಿಂದ ಭಾಗ್ಸು, ಕಾಲು ಆಂಪಿಗ ಒಸಿ ಮ್ಯಾಲ. 315 ಮಿಲಿ ಹಾಕು, ಸ್ಲೋ ಬ್ಲೋ ಕೇಳಿ ತಗೊ. ಮಾಮೂಲಿದು ಆನ್ ಮಾಡ್ದಾಗ್ಲೆ ಹೊಯ್ತದ. ಸ್ವಿಚ್ಚು ಫೇಸಿಗ ಇರ್ಲಿ, ನ್ಯೂಟ್ರಲ್ಲಿಗ ಬ್ಯಾಡ. ಮೂರನೇ ಪಿನ್ ಕೊಟ್ಟಿದ್ದೀಯ?

ಹುಡುಗಿ: ಕೊಟ್ಟಿದ್ದೀನಿ. ಹೀಟ್ ಸಿಂಕಿಗೂ ಟ್ರಾನ್ಸ್‌ಫಾರ್ಮರ್ ಡಬ್ಬಿಗೂ ಅರ್ತ್ ಎಳೆದಿದ್ದೀನಿ.

ಚಿಕ್ಕಪ್ಪ: ಆ ವೈರ್ ಗೋಡೆ ಒಳಗ ಎಲ್ಲಿಗ ಹೊಯ್ತದ ಗೊತ್ತಾ? ಎಲ್ಲಿಗೂ ಹೋಗಾಕಿಲ್ಲ. ನಿಮ್ಮಪ್ಪ ಮನೆ ಕಟ್ಟಿಸ್ದಾಗ ಸಾಕೆಟ್ಟಿಗ ಮೂರು ತೂತು ಇದ್ರ ಸಾಕು ಅಂದ್ಕಂಡ. ಫೇಸಿಗೂ ಆ ಮೂರನೇ ತೂತಿಗೂ ನಡುವ ಟೆಸ್ಟ್ ಲ್ಯಾಂಪ್ ಹಿಡಿದು ನೋಡು, ಉರಿಯಾಕಿಲ್ಲ.

ಹುಡುಗಿ: ಹಾಗಾದ್ರೆ ಇಷ್ಟು ದಿನ ಫ್ರಿಜ್ಜಿಗೂ ಅರ್ತ್ ಇರಲಿಲ್ವಾ?

ಚಿಕ್ಕಪ್ಪ: ಫ್ರಿಜ್ಜಿಗೂ ಇಲ್ಲ, ಗೀಸರಿಗೂ ಇಲ್ಲ. ನಾಳೆ ಗುಂಡಿ ತೋಡ್ಸು, ಆಳೆತ್ತರ. ಜಿಐ ಪೈಪು, ಸುತ್ತ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ. ಇದ್ದಿಲು ಕೇಳಕ್ಕ ಲೊಕ್ಕನಹಳ್ಳೀಲಿ ಇಸ್ತ್ರಿ ಅಂಗಡಿಯವನು ಅವನೆ.

ಹುಡುಗಿ: ಮುಂದೆ ತುಳಸಿ ಕಟ್ಟೆ ಹತ್ರ ತೋಡಿಸ್ಲಾ?

ಚಿಕ್ಕಪ್ಪ: ಅಲ್ಲಿ ಬ್ಯಾಡ, ಬೇಸಿಗೇಲಿ ಒಣಗ್ತದ. ಹಿತ್ತಲಲ್ಲಿ ಬಚ್ಚಲ ನೀರು ಹೋಗೋ ಕಡೆ ತೋಡ್ಸು, ವರ್ಷಪೂರ್ತಿ ತೇವ ಇರ್ತದ. ವೈರು ಹತ್ತು ಗಜ ಜಾಸ್ತಿ ಹಿಡೀತದ, ಹಿಡೀಲಿ.